ಎಲ್‌ಡಿಸಿಗೆ ಯಾವಾಗ ಫೋನ್ ಮಾಡಬೇಕು?

ದಾವಣಗೆರೆ, ಮಂಗಳೂರು ಕಡೆ ಬಿಡಿಎಸ್ ಓದಿ, ವಿದೇಶಿ ದಂತವೈದ್ಯರ ನೋಂದಣಿ ಪರೀಕ್ಷೆಯಾದ ಓಆರ್‌ಇ ಪಾಸು ಮಾಡಿ ಇಂಗ್ಲೆಂಡಿಗೆ ಬಂದವರು ಮೊದಲ ಸಂಬಳದ ಚೀಟಿ ಹಿಡಿದು ನನ್ನನ್ನು ಕೇಳುವುದುಂಟು: ‘ಸರ್, ಈ ಎಲ್‌ಡಿಸಿ ಲೆವಿ ಅಂದ್ರೆ ಏನು? ಸುಮ್ನೆ ಯಾಕೆ ಹಿಡಿದುಕೊಂಡಿದ್ದಾರೆ?’

ಸುಮ್ನೆ ಅಲ್ಲ. ಎಲ್‌ಡಿಸಿ ಅಂದರೆ ಲೋಕಲ್ ಡೆಂಟಲ್ ಕಮಿಟಿ, ಆಯಾ ಪ್ರದೇಶದ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ದಂತವೈದ್ಯರ ಸಮಿತಿ. ಲೆವಿ ಅಂದರೆ ಅದರ ಖರ್ಚಿಗೆ ಹಿಡಿಯುವ ವಂತಿಗೆ. ಕಾನೂನಿನಲ್ಲೇ ಅದಕ್ಕೆ ಜಾಗ ಇದೆ. 2023ರ ಏಪ್ರಿಲ್‌ನಿಂದ ನಮ್ಮ ಕಾಂಟ್ರಾಕ್ಟ್‌ಗಳು ಐಸಿಬಿಗಳ, ಅಂದರೆ ಎನ್‌ಎಚ್‌ಎಸ್‌ನ ಪ್ರಾದೇಶಿಕ ಮಂಡಳಿಗಳ ಕೈಯಲ್ಲಿವೆ. ಅವರ ಎದುರು ಕೂತು ನಮ್ಮ ಪರ ಮಾತಾಡುವುದು ಈ ಸಮಿತಿ. ನಮ್ಮ ಕಡೆಯ ಸೆಕ್ರೆಟರಿ ಹಗಲು ಹಲ್ಲು ಕಿತ್ತು, ಸಂಜೆ ಸಮಿತಿಯ ಕಾಗದ ನೋಡುವ ಡಾಕ್ಟರೇ.

ಇವರ ಬೆಲೆ ಗೊತ್ತಾಗುವುದು ಯುಡಿಎ (ಕೆಲಸ ಅಳೆಯುವ ಅಂಕ) ಲೆಕ್ಕ ತಪ್ಪಿದಾಗ. 2006ರ ಕಾಂಟ್ರಾಕ್ಟ್‌ನಿಂದ ನಮ್ಮ ಕೆಲಸವನ್ನು ಅಳೆಯುವುದು ಯುಡಿಎಯಲ್ಲಿ. ಬರೀ ಚೆಕಪ್‌ಗೆ 1. ಫಿಲ್ಲಿಂಗ್‌ಗೆ 3, ಮೊದಲು ಒಂದಿರಲಿ ಆರಿರಲಿ ಅಷ್ಟೇ! ಮೂರು ಅಥವಾ ಹೆಚ್ಚು ಹಲ್ಲುಗಳಿದ್ದರೆ 5 ಅಂತ ಆದದ್ದು 2022ರ ಕೊನೆಗೆ. ವರ್ಷದ ಗುರಿಯಲ್ಲಿ ಶೇ. 96 ಮುಟ್ಟದಿದ್ದರೆ ದುಡ್ಡು ವಾಪಸ್ ಕೊಡಬೇಕು. ಸೆಪ್ಟೆಂಬರ್ ಕೊನೆಗೆ ಶೇ. 30 ಆಗದಿದ್ದರೆ ಆಗಲೇ ಪತ್ರ ಬರಬಹುದು.

ನಾನಿದ್ದ ಕ್ಲಿನಿಕ್‌ಗೆ ಆ ಪತ್ರ ಬಂತು. ಒಬ್ಬ ಡಾಕ್ಟರ್ ಬಿಟ್ಟು ಹೋಗಿದ್ದರು, ಅವರ ಚೇರ್ ಖಾಲಿ ಬಿದ್ದಿತ್ತು. ಮಾಲೀಕರು ತಾವು ಎಷ್ಟು ಕಷ್ಟಪಡುತ್ತಿದ್ದೇವೆ ಅಂತ ಎರಡು ಪುಟ ಬರೆದಿಟ್ಟಿದ್ದರು. ಸೆಕ್ರೆಟರಿ ಅದನ್ನು ಓದಿ ಪಕ್ಕಕ್ಕಿಟ್ಟರು. ‘ಅವರು ಬಿಟ್ಟ ತಾರೀಖು ಯಾವುದು? ಜಾಹೀರಾತು ಕೊಟ್ಟ ರಸೀದಿ ಇದೆಯಾ? ಸಂದರ್ಶನಕ್ಕೆ ಎಷ್ಟು ಜನ ಬಂದರು?’ ಅಂತ ಕೇಳಿದರು. ಕೊನೆಗೆ ಕಳಿಸಿದ್ದು ಒಂದೇ ಪುಟ: ತಾರೀಖುಗಳು, ರಸೀದಿಗಳು, ಜೊತೆಗೆ ಈ ಒಂದು ವರ್ಷಕ್ಕೆ ಮಾತ್ರ ಗುರಿ ಇಳಿಸಿ ಅನ್ನುವ ಬೇಡಿಕೆ. ಐಸಿಬಿ ಒಪ್ಪಿಕೊಂಡಿತು. ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31 ದಾಟಿದ ಮೇಲೆ ಹೋಗಿದ್ದರೆ ಕೇಳಲು ಜಾಸ್ತಿ ಏನೂ ಉಳಿದಿರುತ್ತಿರಲಿಲ್ಲ. ಪತ್ರ ಬಂದ ದಿನವೇ ಫೋನ್ ಮಾಡಿ ಅಂತ ನಾನು ಹೇಳುವುದು ಅದಕ್ಕೇ.

ಎಲ್ಲದಕ್ಕೂ ಇವರ ಹತ್ತಿರ ಓಡಬೇಡಿ. ನಮ್ಮ ನೋಂದಣಿ ನೋಡಿಕೊಳ್ಳುವ ಜಿಡಿಸಿಯಿಂದ (ಜನರಲ್ ಡೆಂಟಲ್ ಕೌನ್ಸಿಲ್) ದೂರಿನ ಪತ್ರ ಬಂದರೆ ಮೊದಲ ಫೋನ್ ನಿಮ್ಮ ಇಂಡೆಮ್ನಿಟಿಯವರಿಗೆ, ಅಂದರೆ ವೃತ್ತಿ ರಕ್ಷಣೆ ಕೊಡುವ ಸಂಸ್ಥೆಗೆ. ಮಾಲೀಕರ ಜೊತೆ ಸಂಬಳದ ಜಗಳವಾದರೆ ಸಮಿತಿ ಪೇಚಿಗೆ ಸಿಗುತ್ತದೆ, ಇಬ್ಬರೂ ಅದರವರೇ ಅಲ್ವಾ. ಅದಕ್ಕೆ ಬಿಡಿಎ (ಬ್ರಿಟಿಷ್ ಡೆಂಟಲ್ ಅಸೋಸಿಯೇಷನ್) ಸದಸ್ಯತ್ವ ಇರಲಿ. ಯುಡಿಎ ದರವನ್ನು ಏರಿಸುವುದೂ ಸಮಿತಿಯ ಕೈಲಿಲ್ಲ.

ಆದರೆ ಕೆಲಸದ ಒತ್ತಡಕ್ಕೆ ನಿದ್ದೆ ಬಾರದಂತಾಗಿದ್ದರೆ ಖಂಡಿತ ಮಾತಾಡಿ. ಹಲವು ಎಲ್‌ಡಿಸಿಗಳು ‘ಪಾಸ್’ ಅನ್ನುವ ಯೋಜನೆ ನಡೆಸುತ್ತವೆ. ಅಲ್ಲಿ ಇನ್ನೊಬ್ಬ ದಂತವೈದ್ಯರೇ ಗುಟ್ಟಾಗಿ ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರೆ. ನಮ್ಮವರು ಈ ಬಾಗಿಲು ತಟ್ಟುವುದು ಕಡಿಮೆ. ವೀಸಾಕ್ಕೆ ತೊಂದರೆ ಆದೀತು ಅನ್ನುವ ಭಯವೇ ಜಾಸ್ತಿ.

ಒಮ್ಮೆ ಸಭೆಗೂ ಹೋಗಿ ಬನ್ನಿ. ಕ್ಲಿನಿಕ್ ಮಾಲೀಕರು ಹೇಗೂ ಬರುತ್ತಾರೆ. ನಮ್ಮ ಸಮಿತಿಯಲ್ಲಿ ಅಸೋಸಿಯೇಟ್‌ಗಳಿಗೆ (ಮಾಲೀಕರ ಕ್ಲಿನಿಕ್‌ನಲ್ಲಿ ಕೆಲಸ ಮಾಡುವ ದಂತವೈದ್ಯರಿಗೆ) ಅಂತ ಇಟ್ಟ ಸೀಟು ಮಾತ್ರ ಇನ್ನೂ ಖಾಲಿ ಇದೆ.