ಐದು ಕೆಜಿ ಮುಟ್ಟಿದ ದಿನ

ಇವತ್ತು ಅಂಗನವಾಡಿ ತಕ್ಕಡಿಯಲ್ಲಿ ತಂಗಿ ಮಗಳು 5 ಕೆಜಿ ಮುಟ್ಟಿದಳು. ಏಳು ತಿಂಗಳ ಕೂಸಿಗೆ ಇದೇನು ಮಹಾ ಅನ್ನಬೇಡಿ, ಹುಟ್ಟುವಾಗಲೇ ಹೃದಯದಲ್ಲಿ ತೂತಿದ್ದ ಮಗು ಅದು. ಹಾಲು ಕುಡಿಯೋಕೆ ಶುರು ಮಾಡಿದರೆ ಎರಡೇ ನಿಮಿಷಕ್ಕೆ ಹಣೆ ತುಂಬಾ ಬೆವರು, ಏದುಸಿರು, ಆಮೇಲೆ ಸುಸ್ತಾಗಿ ಅರ್ಧಕ್ಕೇ ಬಿಟ್ಟು ಮಲಗಿಬಿಡುತ್ತದೆ. ಇಲ್ಲಿ ಕೋಲಾರದಲ್ಲಿ ನಮ್ಮ ಬೀದಿಯವರೆಲ್ಲ ದೃಷ್ಟಿ ಅಂದರು, ತಾಯಿ ಹಾಲು ಸಾಲುತ್ತಿಲ್ಲ ಅಂದರು. ಪಾಪ, ತಂಗಿ ಅದನ್ನೇ ನಂಬಿ ಅತ್ತಿದ್ದಳು.

ಬೆಂಗಳೂರಿನ ಡಾಕ್ಟರ್ ರಕ್ತದ ರಿಪೋರ್ಟ್ ಇಟ್ಟುಕೊಂಡು ಬಿಡಿಸಿ ಹೇಳಿದರು. ಹೃದಯದ ಗೋಡೆ ಒತ್ತಡಕ್ಕೆ ಹಿಗ್ಗಿದರೆ ಬಿಎನ್‌ಪಿ ಅನ್ನೋ ಹಾರ್ಮೋನ್ ರಕ್ತದಲ್ಲಿ ಏರುತ್ತದೆ. ಬೆಳವಣಿಗೆಗೆ ಬೇಕಾದ ಐಜಿಎಫ್-1 ಅನ್ನೋ ಇನ್ನೊಂದು ಹಾರ್ಮೋನ್ ಹೆಚ್ಚಾಗಿ ಲಿವರ್‌ನಲ್ಲಿ ತಯಾರಾಗೋದು, ಹೊಟ್ಟೆಗೆ ಸಾಲದಿದ್ದರೆ ಅದು ಇಳಿಯುತ್ತದೆ. ನಮ್ಮ ಕೂಸಿಗೆ ಎರಡೂ ಆಗಿತ್ತು. ಇಂಥ ಮಕ್ಕಳಿಗೆ ದಿನಕ್ಕೆ ಕೆಜಿಗೆ 120ರಿಂದ 150 ಕ್ಯಾಲೊರಿ ಬೇಕಾಗಬಹುದಂತೆ, ಅದೂ ಕುಡಿಯೋ ಶಕ್ತಿಯೇ ಇಲ್ಲದವರಿಗೆ! ಸುಮ್ನೆ ಮಲಗಿದ್ದರೂ ಓಡುತ್ತಿರುವ ಹಾಗೆ, ಅಲ್ವಾ?

ಈಗ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಸುತ್ತಿದ್ದೇವೆ. ಅಮ್ಮ ಕ್ಯಾಲೆಂಡರ್‌ನಲ್ಲಿ ತೂಕ ಬರೆದಿಡುತ್ತಾಳೆ. ಇವತ್ತಿನ ಚೌಕದಲ್ಲಿ ಮೇಲೆ ರೇಷ್ಮೆ ಗೂಡಿನ ರೇಟು, ಕೆಳಗೆ ಕೂಸಿನ 5 ಕೆಜಿ.