ಗಲಪಗೋಸ್‌ನಲ್ಲಿ ಇಗ್ವಾನಾ, ಆಮೆ ನೋಡಲು ಕ್ರೂಸೇ ಬೇಕೆಂದಿಲ್ಲ

ಗಲಪಗೋಸ್ ಎಂದರೆ ಸಾಕು, ಟ್ರಾವೆಲ್ ಏಜೆಂಟರು ಕ್ರೂಸ್ ಪ್ಯಾಕೇಜ್ ಮುಂದಿಡುತ್ತಾರೆ. ದೂರದ ದ್ವೀಪಗಳ ಹಕ್ಕಿಗಳೂ ಬೇಕೆನ್ನುವವರಿಗೆ ಅದು ಸರಿ. ನಿಮ್ಮ ಆಸೆ ಇಗ್ವಾನಾ (ದೊಡ್ಡ ಹಲ್ಲಿ), ದೈತ್ಯ ಆಮೆಗಳಷ್ಟೇ ಆಗಿದ್ದರೆ ಸಾಂತಾಕ್ರೂಸ್ ದ್ವೀಪದ ಪ್ವೆರ್ತೊ ಅಯೋರಾ ಊರಿನಲ್ಲಿ ರೂಮು ಮಾಡಿಕೊಂಡರೆ ಸಾಕು. ಖರ್ಚೂ ಕಡಿಮೆ, ಪ್ರಾಣಿಗಳ ಹೊತ್ತಿಗೆ ನಾವೇ ಹೊಂದಿಕೊಳ್ಳಬಹುದು.

ಗಲಪಗೋಸ್ ಈಕ್ವೆಡಾರ್ ಕರಾವಳಿಯಿಂದ ಸುಮಾರು 1000 ಕಿ.ಮೀ. ದೂರ. ಕೀಟೊ ಅಥವಾ ಗ್ವಾಯಾಕಿಲ್‌ನಿಂದ ಬಾಲ್ತ್ರಾ ದ್ವೀಪಕ್ಕೆ ವಿಮಾನವಿದೆ. ಹತ್ತುವ ಮುನ್ನ ಬ್ಯಾಗ್ ತಪಾಸಣೆ ಆಗುತ್ತದೆ. ಹಸಿ ಹಣ್ಣು, ಬೀಜ ಇಟ್ಟುಕೊಳ್ಳಬೇಡಿ. ಪಾರ್ಕ್ ಶುಲ್ಕ 2024ರ ಆಗಸ್ಟ್‌ನಿಂದ ಹೆಚ್ಚಿನ ವಿದೇಶಿಯರಿಗೆ 200 ಡಾಲರ್; ನಗದು ಕೈಯಲ್ಲಿರಲಿ. ಬಾಲ್ತ್ರಾದಲ್ಲಿಳಿದು ಬಸ್ಸು, ಇತಾಬಾಕಾ ಕಾಲುವೆ ದಾಟಲು ದೋಣಿ, ಆಮೇಲೆ ಮತ್ತೆ ರಸ್ತೆ.

ಆ ರಸ್ತೆ ದ್ವೀಪದ ಎತ್ತರದ ಭಾಗ ಹಾದು ಹೋಗುತ್ತದೆ. ಟ್ಯಾಕ್ಸಿ ಹಿಡಿದರೆ ದಾರಿಯಲ್ಲೇ ಯಾವುದಾದರೂ ಖಾಸಗಿ ಜಮೀನಿನಲ್ಲಿ ಇಳಿದು ಆಮೆ ನೋಡಿಬಿಡಬಹುದು. ಜೂನ್‌ನಿಂದ ನವೆಂಬರ್‌ವರೆಗಿನ ತುಂತುರು ಮಳೆಯ ತಿಂಗಳುಗಳಲ್ಲಿ ದೊಡ್ಡ ಆಮೆಗಳು ಮೇಲೇ ಇರುತ್ತವೆ. ಜೋರು ಮಳೆ ಬಂದ ಮೇಲೆ ಅವುಗಳಲ್ಲಿ ಹಲವು ಎಳೆ ಹುಲ್ಲು ಹುಡುಕಿ ಕೆಳಗಿಳಿಯುತ್ತವೆ. ಬಾಯಿ ಸುತ್ತ ಹಸಿರು ರಸ ಮೆತ್ತಿಕೊಂಡು ಮೇಯುವ ಆಮೆ, ನಾವು ಹತ್ತಿರವಾದೆವೆಂದರೆ ತಲೆ ಒಳಗೆಳೆದುಕೊಂಡು ಬುಸ್ಸೆನ್ನುತ್ತದೆ. ಸಿಟ್ಟಿನಿಂದಲ್ಲ, ತಲೆ ಒಳಹೋಗುವಾಗ ಶ್ವಾಸಕೋಶದ ಗಾಳಿ ಹೊರಬೀಳುವ ಸದ್ದದು. ಕನಿಷ್ಠ ಎರಡು ಮೀಟರ್ ದೂರ ನಿಲ್ಲಬೇಕೆಂಬುದು ಪಾರ್ಕಿನ ನಿಯಮ.

ಕಡಲ ಇಗ್ವಾನಾ ನೋಡಲು ತೋರ್ತೂಗಾ ಬೇ ಎಂಬ ಬೀಚಿಗೆ ಹೋಗಿ. ಪಾಪಾಸುಕಳ್ಳಿ ಮರಗಳ ನಡುವೆ (ಹೌದು, ಅಲ್ಲಿ ಅದು ಮರವೇ) ಊರಿಂದ ಎರಡೂವರೆ ಕಿ.ಮೀ. ನಡಿಗೆ. ಬೆಳಗಾಗೆದ್ದು ಓಡಬೇಡಿ. ಆ ಹೊತ್ತಿಗೆ ಅವು ಕಪ್ಪು ಕಲ್ಲಿನ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು ಮೈ ಕಾಯಿಸಿಕೊಳ್ಳುತ್ತಿರುತ್ತವೆ, ಅಲುಗಾಡುವುದಿಲ್ಲ. ಸಮುದ್ರದ ಇಳಿತದ ಸಮಯ ಕೇಳಿಕೊಂಡು, ಅದು ಮಧ್ಯಾಹ್ನದ ಆಸುಪಾಸು ಬೀಳುವ ದಿನ ಹೋಗಿ. ನೀರು ಸರಿದ ಬಂಡೆಗಳ ಪಾಚಿಯನ್ನು ಹೆಚ್ಚಿನವು ಅಲ್ಲೇ ಕೆರೆದು ತಿನ್ನುತ್ತವೆ, ದೊಡ್ಡ ಗಂಡುಗಳು ಮಾತ್ರ ಮುಳುಗುತ್ತವೆ. ಮೇಲೆ ಬಂದು ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತವೆ; ಅದು ತಲೆ ಮೇಲೇ ಬಿದ್ದು ಒಣಗಿ ಬಿಳಿ ಪಟ್ಟು ಕಟ್ಟುತ್ತದೆ. ಎಲ್ ನಿನೊ (ಸಮುದ್ರದ ನೀರು ಬಿಸಿಯೇರುವ) ವರ್ಷಗಳಲ್ಲಿ ಪಾಚಿ ಸಿಗದೆ ಇವುಗಳ ಮೈಯುದ್ದವೇ ಶೇ 20ರವರೆಗೆ ಕುಗ್ಗಿದ್ದು ದಾಖಲಾಗಿದೆ. ಈಜಬೇಕೆಂದರೆ ಮೊದಲ ಬೀಚ್ ಬಿಡಿ, ಸೆಳೆತ ಜಾಸ್ತಿ. ಮುಂದಿನ ಶಾಂತ ಕೊಲ್ಲಿಗೆ ನಡೆಯಿರಿ. ಕಾಲ ಬುಡದಲ್ಲೇ ಓಡಾಡುವ ಲಾವಾ ಹಲ್ಲಿಗಳು ನಮ್ಮ ಓತಿಕ್ಯಾತದ ಹಾಗೆ ದಂಡ ಹೊಡೆಯುತ್ತವೆ.

ಹಳದಿ ಮೈಯ ನೆಲದ ಇಗ್ವಾನಾ ನೋಡಲು ನಾರ್ತ್ ಸೀಮೋರ್ ದ್ವೀಪಕ್ಕೆ ಹೋಗಿ. ಇಲ್ಲಿಗೆ ಗೈಡ್ ಕಡ್ಡಾಯ, ಹಾಗಾಗಿ ಒಂದು ದಿನದ ಟೂರ್ ಕೊಳ್ಳಲೇಬೇಕು. ಈ ಹಣ ದಂಡವಲ್ಲ. 1930ರ ದಶಕದಲ್ಲಿ ಯಾರೋ ಬಾಲ್ತ್ರಾದಿಂದ ಕೆಲವನ್ನು ಇಲ್ಲಿ ತಂದು ಬಿಟ್ಟಿದ್ದರು. ಆಮೇಲೆ ಬಾಲ್ತ್ರಾದಲ್ಲಿ ಇವು ಪೂರ್ತಿ ಅಳಿದವು. 1991ರಿಂದ ಇಲ್ಲಿನ ಸಂತತಿಯನ್ನೇ ವಾಪಸ್ ಅಲ್ಲಿ ಬಿಡಲಾಯಿತು. ಗುಲಾಬಿ ಇಗ್ವಾನಾ ತೋರಿಸುತ್ತೇವೆಂದರೆ ನಂಬಬೇಡಿ. ಅದಿರುವುದು ಇಸಬೆಲಾ ದ್ವೀಪದ ವುಲ್ಫ್ ಜ್ವಾಲಾಮುಖಿಯ ಮೇಲೆ ಮಾತ್ರ, ಪ್ರವಾಸಿಗಳಿಗೆ ಪ್ರವೇಶವಿಲ್ಲ.

ಸಸ್ಯಾಹಾರಿಗಳು ಅನ್ನ, ಬೇಳೆ-ಕಾಳಿನ ಮೆನೆಸ್ತ್ರ, ಕರಿದ ಬಾಳೆಕಾಯಿಯಲ್ಲಿ ದಿನ ದೂಡಬಹುದು. ಮಾಂಸ ಬೆರೆಸಿದ್ದಾರಾ ಎಂದು ಕೇಳಿಯೇ ತಿನ್ನಿ. ಹೊರಡುವ ಹತ್ತು ದಿನ ಮುಂಚೆಯಾದರೂ ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದೆ ಈಕ್ವೆಡಾರ್‌ನಿಂದ ವಾಪಸಾದರೆ ಬೆಂಗಳೂರಿನಲ್ಲಿಳಿದ ಕೂಡಲೇ ಕ್ವಾರಂಟೈನ್‌ಗೆ ಕಳಿಸಬಹುದು.