ಧರ್ಮಸ್ಥಳ, ಕುಕ್ಕೆ, ಹೊರನಾಡು ಸುತ್ತಿಗೆ ಬ್ಯಾಗು ಕಟ್ಟುವ ಮುಂಚೆ

ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ, ಆಮೇಲೆ ಆಗುಂಬೆ ಇಳಿದು ಉಡುಪಿ, ಕೊಲ್ಲೂರು. ಬೆಂಗಳೂರು, ಮೈಸೂರು ಕಡೆ ಮೂರು ದಿನ ಒಟ್ಟಿಗೆ ರಜೆ ಬಂದರೆ ಅರ್ಧ ಬೀದಿ ಹೊರಡುವ ಸುತ್ತು ಇದು. ನಮ್ಮ ಮನೆಯಲ್ಲಿ ಬ್ಯಾಗು ಕಟ್ಟುವ ಕೆಲಸ ನನ್ನದು. ಹಾಗಾಗಿ ನೆಂಟರಲ್ಲಿ ಯಾರೇ ಹೊರಟರೂ ನನಗೆ ಫೋನ್ ಬರುತ್ತದೆ, "ಅಕ್ಕಾ, ಏನೇನು ತಗೊಂಡು ಹೋಗ್ಬೇಕು ಹೇಳಿ" ಅಂತ. ಪ್ರತಿ ಸಲ ಹೇಳೋದಕ್ಕಿಂತ ಇಲ್ಲೇ ಬರೆದುಬಿಡೋಣ ಅನ್ನಿಸಿತು.

ಜನ ಬ್ಯಾಗು ಕಟ್ಟುವುದು ರೂಮನ್ನು ನೆನೆಸಿಕೊಂಡು. ರೂಮಲ್ಲಿ ಹಾಕಿಕೊಳ್ಳುವ ಬಟ್ಟೆ, ರೂಮಲ್ಲಿ ತಿನ್ನುವ ತಿಂಡಿ, ರೂಮಿಗೊಂದು ಕೆಟಲ್ಲು. ಆದರೆ ಈ ಸುತ್ತಿನಲ್ಲಿ ನಾವು ರೂಮಲ್ಲಿ ಇರುವುದು ಮಲಗುವಷ್ಟು ಹೊತ್ತು. ಉಳಿದ ಹೊತ್ತೆಲ್ಲ ನದಿ ಹತ್ತಿರ, ಕ್ಯೂನಲ್ಲಿ, ಇಲ್ಲಾ ಘಾಟಿಯ ತಿರುವಿನಲ್ಲಿ. ಆದ್ದರಿಂದ ಕ್ಯೂಗೆ ಏನು ಬೇಕು, ಒದ್ದೆಯಾದರೆ ಏನು ಬೇಕು, ಇವೆರಡನ್ನು ಮೊದಲು ಯೋಚಿಸಿ. ನಾನು ಯಾವಾಗಲೂ ಎರಡು ಭಾಗ ಮಾಡುತ್ತೇನೆ. ಒಂದು ದೊಡ್ಡ ಬ್ಯಾಗು, ಅದು ರೂಮಲ್ಲೋ ಗಾಡಿಯಲ್ಲೋ ಇರುತ್ತದೆ. ಇನ್ನೊಂದು ಹೆಗಲಿಗೆ ಹಾಕುವ ಬಟ್ಟೆ ಚೀಲ, ಅದು ನನ್ನ ಜೊತೆ ದೇವರ ಮುಂದಿನವರೆಗೂ ಬರುತ್ತದೆ. ತಲೆ ಕೆಡಿಸಿಕೊಳ್ಳಬೇಕಾದ್ದು ಈ ಎರಡನೆಯದರ ಬಗ್ಗೆ.

ಆ ಚೀಲಕ್ಕೆ ಮೊದಲು ಹೋಗಬೇಕಾದ್ದು ಬಟ್ಟೆಯೂ ಅಲ್ಲ, ಚಾರ್ಜರೂ ಅಲ್ಲ. ಮುಡಿಪು. ಮಗುವಿಗೆ ಜ್ವರ ಬಂದಾಗಲೋ, ಮನೆ ಕೆಲಸ ನಿಂತಾಗಲೋ, ಅರಿಶಿನದ ಬಟ್ಟೆಯಲ್ಲಿ ದುಡ್ಡು ಕಟ್ಟಿ ದೇವರ ಮನೆಯಲ್ಲಿ ಇಟ್ಟಿರುತ್ತೇವಲ್ಲ, ಅದು. ಅದೇ ಮರೆತು ಹೋಗುವುದು. ಯಾಕೆಂದರೆ ಅದು ಬೀರುವಿನಲ್ಲಿ ಇರುವುದಿಲ್ಲ, ಬಾತ್‌ರೂಮಿನಲ್ಲಿ ಇರುವುದಿಲ್ಲ, ದೇವರ ಫೋಟೋ ಹಿಂದೆ ಇರುತ್ತದೆ. ಮಂಜುನಾಥಸ್ವಾಮಿಗೆ ಹೇಳಿಕೊಂಡ ಹರಕೆ ಬಾಕಿ ಇಡಬಾರದು ಅನ್ನುವುದು ನಮ್ಮ ಕಡೆ ಗಟ್ಟಿ ನಂಬಿಕೆ. ಘಾಟಿ ಇಳಿದ ಮೇಲೆ ಮುಡಿಪು ನೆನಪಾದರೆ ಅತ್ತೆಯವರ ಮುಖ ನೋಡುವ ಹಾಗಿರುವುದಿಲ್ಲ.

ಇದರ ಜೊತೆಗೆ ಅಕ್ಕಪಕ್ಕದವರ ಕಾಣಿಕೆ. ನಾವು ಹೊರಡುವ ವಿಷಯ ಗೊತ್ತಾದ ಕೂಡಲೇ ಎದುರು ಮನೆಯವರು ಐವತ್ತೊಂದು, ಹಾಲಿನವರು ಹನ್ನೊಂದು, "ನಮ್ಮ ಹೆಸರಲ್ಲೂ ಹಾಕ್ಬಿಡಿ" ಅಂತ ಕೊಡುತ್ತಾರೆ. ಅದನ್ನೆಲ್ಲ ನಮ್ಮ ಪರ್ಸಿಗೆ ಸೇರಿಸಿದರೆ ಮುಗಿಯಿತು, ಯಾರದು ಯಾವ ದೇವಸ್ಥಾನಕ್ಕೆ ಅಂತ ಲೆಕ್ಕವೇ ಸಿಗುವುದಿಲ್ಲ. ಮದುವೆ ಮುಯ್ಯಿಯ ಖಾಲಿ ಕವರುಗಳು ಮನೆಯಲ್ಲಿ ಬಿದ್ದಿರುತ್ತವಲ್ಲ, ಒಂದೊಂದರ ಮೇಲೆ ಹೆಸರು, ಊರು ಬರೆದು ಹಾಕಿಡಿ. ತಟ್ಟೆಗೆ ಹಾಕಲು ಹತ್ತು, ಇಪ್ಪತ್ತರ ನೋಟು ಬೇರೆ ಇರಲಿ. ಘಾಟಿಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಫೋನ್‌ಪೇ ನಂಬಿಕೊಂಡು ಕೂತರೆ ಕಾಫಿಗೂ ಪರದಾಟ.

ಈಗ ಗಂಡಸರ ಜೇಬಿನ ಕಥೆ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಉಡುಪಿ, ಕೊಲ್ಲೂರು, ಹೆಚ್ಚು ಕಡಿಮೆ ಎಲ್ಲ ಕಡೆ ಗಂಡಸರು ಅಂಗಿ, ಬನಿಯನ್ ಬಿಚ್ಚಿ ಒಳಗೆ ಹೋಗಬೇಕು. ಹೊರನಾಡಿನಲ್ಲಿ ಹೆಗಲ ಮೇಲೆ ಶಲ್ಯ ಇರಬೇಕು. ಶೃಂಗೇರಿಯಲ್ಲಿ ಸೇತುವೆ ದಾಟಿ ನರಸಿಂಹವನಕ್ಕೆ ಗುರುಗಳ ದರ್ಶನಕ್ಕೆ ಹೋಗುವವರು ಪಂಚೆ, ಶಲ್ಯದಲ್ಲೇ ಹೋಗಬೇಕು. ಸರಿ, ಪಂಚೆ ಶಲ್ಯ ಎಲ್ಲರೂ ತಗೊಂಡು ಹೋಗುತ್ತಾರೆ. ಆದರೆ ಪ್ಯಾಂಟು, ಅಂಗಿ ಬಿಚ್ಚಿದ ಮೇಲೆ ಜೇಬು ಎಲ್ಲಿ? ಪರ್ಸು, ಮೊಬೈಲು, ಗಾಡಿ ಕೀ, ಓದುವ ಕನ್ನಡಕ, ಸೇವೆಯ ರಸೀದಿ, ಎಲ್ಲ ಒಂದೊಂದಾಗಿ ಹೆಂಡತಿಯ ವ್ಯಾನಿಟಿ ಬ್ಯಾಗಿಗೆ ಬರುತ್ತವೆ. ಆಮೇಲೆ ಕ್ಯೂ ಕವಲೊಡೆದು ಅವರು ಆ ಕಡೆ, ನಾವು ಈ ಕಡೆ. ರಸೀದಿ ನನ್ನ ಹತ್ತಿರ, ಸೇವೆ ಕೌಂಟರಿನ ಮುಂದೆ ಅವರು ಬರಿಗೈಯಲ್ಲಿ.

ಇದಕ್ಕೆ ನಮ್ಮ ಮಾವನವರ ಉಪಾಯವೇ ಸರಿ. ಹಳ್ಳಿ ಸಂತೆಯಲ್ಲಿ ಸಿಗುತ್ತದಲ್ಲ, ಅಗಲದ ಹಸಿರು ಸೊಂಟದ ಬೆಲ್ಟು, ಎರಡು ಜೇಬು ಇರುವುದು, ಅದು. ಪಂಚೆಯ ಮೇಲೆ ಬಿಗಿದುಕೊಂಡರೆ ಪಂಚೆಯೂ ಜಾರುವುದಿಲ್ಲ, ದುಡ್ಡು, ಕೀ, ರಸೀದಿ ಎಲ್ಲ ಅಲ್ಲೇ. ನಮ್ಮೆಜಮಾನ್ರಿಗೆ ಅದು ಹಾಕಿಕೊಳ್ಳಲು ನಾಚಿಕೆ. ಅವರಿಗೆ ವೆಲ್‌ಕ್ರೋ ಪಂಚೆ ತಂದೆ, ಅದರಲ್ಲೇ ಒಂದು ಜೇಬು ಇರುತ್ತದೆ. ಪಂಚೆ ಉಟ್ಟು ಅಭ್ಯಾಸ ಇಲ್ಲದ ಹುಡುಗರಿಗೂ ಅದೇ ಒಳ್ಳೆಯದು. ಕ್ಯೂನಲ್ಲಿ ಒಂದು ಕೈಯಲ್ಲಿ ಹಣ್ಣುಕಾಯಿ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ನಿಂತ ಹುಡುಗರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಇನ್ನು ಒದ್ದೆಯ ವಿಷಯ. ಧರ್ಮಸ್ಥಳದಲ್ಲಿ ನೇತ್ರಾವತಿ, ಕುಕ್ಕೆಯಲ್ಲಿ ಕುಮಾರಧಾರ, ಕೊಲ್ಲೂರಿನಲ್ಲಿ ಸೌಪರ್ಣಿಕಾ. ಸ್ನಾನ ಮಾಡಬೇಕು ಅಂತಲೇ ಹೋಗುವವರು ಜಾಸ್ತಿ. ಬಯಲುಸೀಮೆಯವರಿಗೆ ಒಂದು ವಿಷಯ ಅಂದಾಜಾಗುವುದಿಲ್ಲ, ಅಲ್ಲಿ ಬಟ್ಟೆ ಒಣಗುವುದಿಲ್ಲ. ನಮ್ಮಲ್ಲಿ ಹನ್ನೊಂದು ಗಂಟೆಗೆ ಹರವಿದ್ದು ಎರಡು ಗಂಟೆಗೆ ಗರಿಗರಿ. ಅಲ್ಲಿ ಬೇಸಿಗೆಯಲ್ಲೂ ಗಾಳಿ ಬೆವರಿದ ಹಾಗೆ ಇರುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ದಪ್ಪ ಟರ್ಕಿ ಟವೆಲ್ ಒಂದು ಸಲ ಒದ್ದೆಯಾದರೆ ಊರಿಗೆ ಬರುವವರೆಗೂ ಒದ್ದೆಯೇ, ಮೇಲೆ ಮುಗ್ಗಲು ವಾಸನೆ. ಆ ಕಡೆಯವರು ಯಾರೂ ಅದನ್ನು ಬಳಸುವುದಿಲ್ಲ, ನೋಡಿ. ತೆಳುವಾದ ಹತ್ತಿ ಟವೆಲ್ಲು, ಅಲ್ಲಿನವರು ಬೈರಾಸು ಅನ್ನುವುದು, ಹಿಂಡಿ ಕೊಡವಿದರೆ ಅರ್ಧ ಒಣಗಿತು. ಆಳಿಗೆ ಎರಡು ಇರಲಿ. ಜೀನ್ಸ್ ಬೇಡ. ಹೆಂಗಸರಿಗೆ ನದಿ ಸ್ನಾನಕ್ಕೆ ಅಂತಲೇ ಗಾಢ ಬಣ್ಣದ ಹಳೇ ಚೂಡಿದಾರ್ ಒಂದು ಬೇರೆ ಇಡಿ. ನಾಲ್ಕು ಮಾರು ನೈಲಾನ್ ಹಗ್ಗ, ಹತ್ತು ಕ್ಲಿಪ್ಪು, ಒದ್ದೆ ಬಟ್ಟೆ ತುಂಬಲು ದಪ್ಪ ಕವರು. ರೂಮಲ್ಲಿ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಹರವಿದರೆ ಬೆಳಿಗ್ಗೆಗೆ ಏನೋ ಒಂದು ಮಟ್ಟಕ್ಕೆ ಆಗಿರುತ್ತದೆ.

ಸೋಪು, ಶಾಂಪೂ ನದಿ ಹತ್ತಿರ ತರಲೇಬೇಡಿ, ರೂಮಲ್ಲೇ ಬಿಡಿ. ಮೀನು ಇರುವ ನೀರು ಅದು. ಸ್ನಾನಘಟ್ಟದ ಹತ್ತಿರ ಶಾಂಪೂ ಸ್ಯಾಚೆಗಳು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿರುವುದನ್ನು ನೋಡಿದವರಿಗೆ ನಾನು ಬೇರೆ ಹೇಳಬೇಕಾಗಿಲ್ಲ. 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವರು ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಅಂತ ಸೂಚನೆ ಕೊಟ್ಟಿದ್ದರು. ಹಾಗೇ ಉಟ್ಟ ಬಟ್ಟೆ ನದಿಯಲ್ಲಿ ಬಿಟ್ಟು ಬರುವ ರೂಢಿಯೂ ಬೇಡ. ಪಾಪ ಕಳೆಯುತ್ತದೆ ಅಂತ ಸೀರೆ ಬಿಟ್ಟು ಬಂದರೆ ಅದು ಕೆಳಗೆ ಯಾವುದೋ ಬೇರಿಗೆ ಸುತ್ತಿಕೊಂಡು ಕೂರುತ್ತದೆ, ಅಷ್ಟೇ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಇಳಿಯಲು ಬಿಡುವುದಿಲ್ಲ. ಹಟ ಮಾಡಬೇಡಿ, ತಲೆಗೆ ನಾಲ್ಕು ಹನಿ ಪ್ರೋಕ್ಷಣೆ ಮಾಡಿಕೊಳ್ಳಿ, ಸಾಕು. ಅದಕ್ಕೊಂದು ಸಣ್ಣ ಚೊಂಬು ಇದ್ದರೆ ಚೆನ್ನ.

ಮಗುವಿಗೆ ಮುಡಿ ಕೊಡಿಸುವವರು ಮೆತ್ತನೆ ಹತ್ತಿ ಟೋಪಿ, ಸ್ವಲ್ಪ ಕೊಬ್ಬರಿ ಎಣ್ಣೆ ಇಟ್ಟುಕೊಳ್ಳಿ. ಬೋಳು ತಲೆಗೆ ಬಿಸಿಲು ಚುರುಕ್ ಅನ್ನುತ್ತದೆ.

ಕೌಂಟರಿಗೆ ಒಂದು ಹಾಳೆ. ಇದನ್ನು ಎಷ್ಟು ಹೇಳಿದರೂ ಯಾರೂ ಮಾಡುವುದಿಲ್ಲ. ಮನೆಯವರೆಲ್ಲರ ಹೆಸರು, ಗೋತ್ರ, ನಕ್ಷತ್ರ, ರಾಶಿ ದೊಡ್ಡ ಅಕ್ಷರದಲ್ಲಿ ಬರೆದು ಚೀಲದಲ್ಲಿಡಿ. ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಿದರೂ, ಹೊರನಾಡಿನಲ್ಲಿ ಕುಂಕುಮಾರ್ಚನೆ ಮಾಡಿಸಿದರೂ ಇದನ್ನು ಕೇಳುತ್ತಾರೆ. ಆ ಹೊತ್ತಿಗೆ ನಿಮ್ಮ ನಕ್ಷತ್ರ ನೆನಪಿರುತ್ತದೆ, ತಂಗಿ ಮಗನದು ನೆನಪಿರುವುದಿಲ್ಲ. ಅವಳಿಗೆ ಫೋನ್ ಮಾಡಿದರೆ ಅವಳು ಅವಳ ಅತ್ತೆಗೆ ಫೋನ್ ಮಾಡುತ್ತಾಳೆ. "ಪುನರ್ವಸುನೋ ಪುಷ್ಯನೋ, ನಾಲ್ಕನೇ ಪಾದ ಅಂತ ನೆನಪು" ಅನ್ನುವಷ್ಟರಲ್ಲಿ ಹಿಂದಿನವರು ನಿಮ್ಮನ್ನು ದಾಟಿ ಕೈ ಚಾಚಿರುತ್ತಾರೆ. ಸರ್ಪಸಂಸ್ಕಾರಕ್ಕೆ ಹೋಗುವವರ ವಿಷಯವೇ ಬೇರೆ. ಅದು ಎರಡು ದಿನದ ಕೆಲಸ, ಮುಂಚೆಯೇ ಬುಕ್ ಮಾಡಬೇಕು, ಒಗೆದ ಪಂಚೆ ಸೀರೆ ಒಂದೊಂದು ಜೊತೆ ಜಾಸ್ತಿ ಬೇಕು.

ಆಧಾರ್ ಕಾರ್ಡ್ ಹೇಗೂ ಬೇಕು, ರೂಮ್ ಕೊಡುವಾಗ ಕೇಳುತ್ತಾರೆ. ಬಸ್ಸಲ್ಲಿ ಹೋಗುವ ಹೆಂಗಸರಿಗಂತೂ ಅದೇ ಟಿಕೆಟ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ರಾಜಹಂಸ, ಎಸಿ ಬಸ್ಸಿಗೆಲ್ಲ ಇದು ನಡೆಯುವುದಿಲ್ಲ. ನಮ್ಮ ಬೀದಿಯ ಹೂವಿನವರು, ಮನೆಕೆಲಸದವರು, ಮೊದಲೆಲ್ಲ ಗಂಡನೋ ಮಗನೋ ಕರಕೊಂಡು ಹೋಗಲಿ ಅಂತ ಕಾಯುತ್ತಿದ್ದವರು, ಈಗ ತಾವೇ ಗುಂಪು ಕಟ್ಟಿಕೊಂಡು ಧರ್ಮಸ್ಥಳಕ್ಕೆ ಹೊರಡುತ್ತಾರೆ. ಬಸ್ಸು ತುಂಬಿರುತ್ತದೆ ನಿಜ, ನಿಂತುಕೊಂಡೇ ಹೋಗಬೇಕಾಗಬಹುದು. ಅದಕ್ಕೇ ಬ್ಯಾಗು ಮಡಿಲಲ್ಲಿ ಹಿಡಿಸುವಷ್ಟಿರಲಿ, ಚಕ್ರದ ಸೂಟ್‌ಕೇಸ್ ಬೇಡ. ರೈಲಲ್ಲಿ ಕುಕ್ಕೆಗೆ ಹೋಗುವವರಿಗೂ ಇದೇ ಮಾತು. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ, ದೇವಸ್ಥಾನ ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್. ಬೇರೆ ಗಾಡಿ ಹತ್ತಲೇಬೇಕು.

ಘಾಟಿ. ಚಾರ್ಮಾಡಿ ಇಳಿಯುವಾಗ ಹಿಂದಿನ ಸೀಟಿನವರ ಕಥೆ ಎಲ್ಲರಿಗೂ ಗೊತ್ತು. ಆಗುಂಬೆಯಲ್ಲಿ 14 ತಿರುವು. ವಾಂತಿ ಮಾತ್ರೆ ಘಾಟಿ ಶುರುವಾಗುವ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು, ಮೊದಲ ತಿರುವಿನಲ್ಲಿ ಹುಡುಕಲು ಶುರು ಮಾಡಿದರೆ ಏನೂ ಪ್ರಯೋಜನ ಇಲ್ಲ. ನಿಂಬೆಹಣ್ಣು, ತೂತಿಲ್ಲದ ಕವರು, ನೀರು, ಇವು ಕೈಗೆ ಸಿಗುವ ಹಾಗಿರಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ಚೆನ್ನಾಗಿರುತ್ತದೆ, ಆದರೆ ಧರ್ಮಸ್ಥಳಕ್ಕೆ ಇಳಿಯುವವರಿಗೆ ಅದು ಘಾಟಿಗೆ ಮುಂಚೆಯೇ ಸಿಗುತ್ತದೆ. ಹೊಟ್ಟೆ ಸೂಕ್ಷ್ಮ ಇರುವವರು ಎರಡು ದೋಸೆಗೇ ಎದ್ದುಬಿಡಿ. ಮಳೆಗಾಲವಾದರೆ ಮಡಚುವ ಛತ್ರಿ, ಒಂದು ಸ್ವೆಟರ್, ಟಾರ್ಚು.

ಊಟಕ್ಕೆ ಜಾಸ್ತಿ ಹೊರಬೇಡಿ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ, ಹೊರನಾಡಿನಲ್ಲಿ, ಶೃಂಗೇರಿಯಲ್ಲಿ, ಎಲ್ಲ ಕಡೆ ಊಟ ಇದ್ದೇ ಇದೆ. ಏಕಾದಶಿ ದಿನ ಉಡುಪಿಯಲ್ಲಿ ಮಠದ ಊಟ ಸಿಗುತ್ತದೆ ಅಂದುಕೊಂಡು ಹೋಗಬೇಡಿ, ಅಷ್ಟು ಕ್ಯಾಲೆಂಡರ್ ನೋಡಿಕೊಳ್ಳಿ. ಮೊದಲ ದಿನಕ್ಕೆ ಪುಳಿಯೋಗರೆ, ಮಕ್ಕಳಿಗೆ ಕೋಡುಬಳೆ, ಶುಗರ್ ಇರುವವರಿಗೆ ಒಂದು ಬಿಸ್ಕತ್ತು ಪ್ಯಾಕು. ಕ್ಯೂನಲ್ಲಿ ಎರಡು ಗಂಟೆ ನಿಂತರೆ ಶುಗರ್‌ನವರಿಗೆ ಸುಸ್ತಾಗುತ್ತದೆ, ಅದು ಬಟ್ಟೆ ಚೀಲದಲ್ಲೇ ಇರಬೇಕು. ಬಿಪಿ ಮಾತ್ರೆಯೂ ಅಷ್ಟೇ, ದೊಡ್ಡ ಬ್ಯಾಗಿಗೆ ಹಾಕಬೇಡಿ.

ಹೆಂಗಸರಿಗೆ ಒಂದು ಮಾತು, ಇದನ್ನು ಯಾರೂ ಬರೆಯುವುದಿಲ್ಲ. ತಿಂಗಳ ದಿನ ಹತ್ತಿರ ಇದ್ದರೆ ಪ್ಯಾಡು ಖಂಡಿತ ಇಟ್ಟುಕೊಳ್ಳಿ, ಬಸ್ ಪ್ರಯಾಣಕ್ಕೆ ಏರುಪೇರಾಗುವುದು ಮಾಮೂಲು. ಮುಂದೂಡುವ ಮಾತ್ರೆಯನ್ನು ಓರಗಿತ್ತಿ ಕೊಟ್ಟಳು, ಪಕ್ಕದ ಮನೆಯವಳು ಹೇಳಿದಳು ಅಂತ ನುಂಗಬೇಡಿ. ಡಾಕ್ಟರನ್ನು ಕೇಳಿ. ದಿನವನ್ನೇ ಆ ಕಡೆ ಈ ಕಡೆ ಮಾಡಲು ಆದರೆ ಅದು ಇನ್ನೂ ಒಳ್ಳೆಯದು. ದೇವರು ಮುಂದಿನ ವಾರವೂ ಅಲ್ಲೇ ಇರುತ್ತಾನೆ ಅಲ್ವಾ? ರೇಷ್ಮೆ ಸೀರೆ ಬೇಕೇ ಬೇಕು ಅನ್ನುವವರು ಒಂದು ತನ್ನಿ. ನನ್ನ ಪ್ರಕಾರ ನೂಕುನುಗ್ಗಲಿಗೆ ಕಾಟನ್ ಸೀರೆ, ಕೈತುಂಬ ಪಿನ್ನು.

ಚಪ್ಪಲಿ ಹಳೆಯದು. ಶೂ ಬೇಡ, ಲೇಸು ಬಿಚ್ಚಿ ಕಟ್ಟುವುದರಲ್ಲೇ ದಿನ ಹೋಗುತ್ತದೆ. ಮನೆಮಂದಿಯ ಚಪ್ಪಲಿಯನ್ನೆಲ್ಲ ಒಂದೇ ಗೋಣಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಸ್ಟ್ಯಾಂಡಿನಲ್ಲಿಟ್ಟರೆ ಒಂದೇ ಟೋಕನ್, ವಾಪಸ್ ಬಂದಾಗ "ನನ್ನದೊಂದು ಕಾಣ್ತಿಲ್ಲ" ಅನ್ನುವ ಗಲಾಟೆ ಇರುವುದಿಲ್ಲ. ಮಧ್ಯಾಹ್ನದ ಕಾದ ಕಲ್ಲಿಗೆ ವಯಸ್ಸಾದವರಿಗೆ ಹಳೇ ಕಾಲುಚೀಲ ಇರಲಿ.

ಕೊನೆಯದು ಪ್ರಸಾದ. ಹೋಗುವಾಗ ಬ್ಯಾಗು ತುಂಬಿಸಿಬಿಟ್ಟರೆ ಬರುವಾಗ ಇದಕ್ಕೆ ಜಾಗ ಇರುವುದಿಲ್ಲ. ಕುಕ್ಕೆಯದು ಮೃತ್ತಿಕೆ, ಹುತ್ತದ ಮಣ್ಣು. ಹೊರನಾಡಿನ ಅಕ್ಕಿಯನ್ನು ಮನೆಯ ಅಕ್ಕಿ ಡಬ್ಬಕ್ಕೆ ಹಾಕುತ್ತೇವೆ. ಕೊಲ್ಲೂರಿನದು ಪಂಚಕಜ್ಜಾಯ, ಜೊತೆಗೆ ಎಲ್ಲ ಕಡೆಯ ಕುಂಕುಮ. ಎಲ್ಲ ಒಂದೇ ಕವರಿಗೆ ಹಾಕಿದರೆ ಪಂಚಕಜ್ಜಾಯದಲ್ಲಿ ಮಣ್ಣು, ಅಕ್ಕಿಯಲ್ಲಿ ಕುಂಕುಮ. ಮೂರು ನಾಲ್ಕು ಸಣ್ಣ ಸ್ಟೀಲ್ ಡಬ್ಬಿ, ಮುಚ್ಚಳ ಬಿಗಿಯಾಗಿರುವುದು, ಖಾಲಿಯಾಗಿ ಹೊರಡಲಿ. ಮುಯ್ಯಿ ಕವರಿನ ಮೇಲಿನ ಹೆಸರುಗಳನ್ನು ನೋಡಿಕೊಂಡು ಅಷ್ಟೂ ಮನೆಗೆ ಸಾಕಾಗುವಷ್ಟು ಪ್ರಸಾದದ ಪೊಟ್ಟಣ ತಗೊಳ್ಳಿ. ಹನ್ನೊಂದು ರೂಪಾಯಿ ಕೊಟ್ಟ ಹಾಲಿನವರು ಮಾರನೇ ದಿನ ಬೆಳಿಗ್ಗೆ ಆರಕ್ಕೇ ಬಾಗಿಲಿಗೆ ಬರುತ್ತಾರೆ.